ಆರುನೂರರ ಶರ್ಟು, ಮೂರು ಸಾವಿರದ ನೋಟ: ನನ್ನ ಅನುಭವ

ಹೋದ ತಿಂಗಳು ಸಿರುಗುಪ್ಪದ ಅಕ್ಕಿ ವ್ಯಾಪಾರಿ ಒಬ್ಬರು ಮಗನ ನಿಶ್ಚಿತಾರ್ಥಕ್ಕೆ ಅಂತ ಒಂದು ರೆಡಿಮೇಡ್ ಶರ್ಟು ತಂದು, ಭುಜ ಸರಿಮಾಡಲು ನನ್ನ ಟೈಲರ್ ಅಂಗಡಿಯಲ್ಲಿ ಕೊಟ್ಟರು. ನಮ್ಮ ಬಳ್ಳಾರಿಯ ಬೆಂಗಳೂರು ರೋಡಿನಲ್ಲೇ ಆರುನೂರು ಚಿಲ್ಲರೆಗೆ ತಗೊಂಡಿದ್ದು. ನಾಲ್ಕು ದಿನ ಬಿಟ್ಟು ಬಂದು ಅದನ್ನೇ ಹಾಕಿಕೊಂಡು ಕನ್ನಡಿ ಮುಂದೆ ನಿಂತರು. "ಮಾಸ್ಟ್ರೇ, ಇದು ನಾನು ಕೊಟ್ಟಿದ್ದೇ ಶರ್ಟಾ?" ಅಂತ ಕೇಳಿದರು. ಕಾಲರ್ ತಿರುವಿ ಒಳಗಿನ ಲೇಬಲ್ ತೋರಿಸಿದ ಮೇಲೇ ನಂಬಿದ್ದು.

ಐದು ವರ್ಷದಿಂದ ನಾನು ಹೇಳುತ್ತಿರುವುದು ಇಷ್ಟೇ. ಮನುಷ್ಯ ಶ್ರೀಮಂತನ ಹಾಗೆ ಕಾಣುವುದು ಬಟ್ಟೆಯ ರೇಟಿನಿಂದಲ್ಲ, ಭುಜದಿಂದ. "ರೆಡಿಮೇಡ್ ಶರ್ಟಿನ ಭುಜ ಯಾರು ಬಿಚ್ಚಿಸ್ತಾರೆ? ಅದಕ್ಕೆ ಕಾಸು ಯಾರು ಕೊಡ್ತಾರೆ?" ಅಂತ ನಮ್ಮ ಸಾಲಿನ ಅಂಗಡಿಯವರೆಲ್ಲ ಕೇಳಿದವರೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮೊದಲು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುತ್ತಿದ್ದವನು. ಪೀಸಿಗೆ ಇಷ್ಟು ಅಂತ ಲೆಕ್ಕ. ಅಲ್ಲಿ ಕೈ ಬೇಗ ಓಡುತ್ತದೆ, ಕಣ್ಣು ಕೆಲಸ ಮಾಡುವುದಿಲ್ಲ. ಸ್ವಂತ ಅಂಗಡಿ ಹಾಕಿದ ಮೇಲೆ ಜನರನ್ನು ನೋಡುವುದು ಕಲಿತೆ. 2011ರಲ್ಲಿ ಸುಪ್ರೀಂ ಕೋರ್ಟು ನಮ್ಮ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿ ನಿಲ್ಲಿಸುವ ಮುಂಚಿನ, ಗಣಿ ದುಡ್ಡು ಓಡಾಡಿದ ವರ್ಷಗಳು ನೆನಪಿರಬೇಕು ನಿಮಗೆ. ಊರಿನ ತುಂಬ ಬಿಳಿ ಲಿನನ್. ಒಂದೊಂದು ಶರ್ಟು ಮೂರು ಸಾವಿರ, ನಾಲ್ಕು ಸಾವಿರ. ಆದರೆ ಹಾಕಿಕೊಂಡವರಲ್ಲಿ ಅರ್ಧ ಜನಕ್ಕೆ ಭುಜದ ಹೊಲಿಗೆ ತೋಳಿನ ಮೇಲೆ ಜಾರಿರುತ್ತಿತ್ತು. ಅಣ್ಣನ ಶರ್ಟು ತಮ್ಮ ಹಾಕಿದ ಹಾಗೆ. ಅದೇ ಹೊತ್ತಿಗೆ ನಮ್ಮ ಬೀದಿಯಲ್ಲಿ ರಿಟೈರಾದ ಹೈಸ್ಕೂಲ್ ಮೇಷ್ಟ್ರೊಬ್ಬರಿದ್ದರು. ನನಗೆ ಗೊತ್ತಿದ್ದಂತೆ ಅವರ ಹತ್ತಿರ ಇದ್ದಿದ್ದು ನಾಲ್ಕೇ ಶರ್ಟು. ಅವರು ಬೀದಿಗೆ ಇಳಿದರೆ ಆಟೋದವರು ತಾವಾಗಿಯೇ "ಬರ್ರಿ ಸರ್" ಅನ್ನುತ್ತಿದ್ದರು. ಹೊಲಿಗೆ ಸರಿಯಾಗಿ ಭುಜದ ಮೂಳೆಯ ಮೇಲೆ. ಕಫ್ ಮಣಿಕಟ್ಟಿನ ಮೇಲೆ. ಜೇಬಿನಲ್ಲಿ ಒಂದು ಪೆನ್ನೂ ಇಲ್ಲ. ನನ್ನ ಗುರು ಅವರೇ ಅಂದರೂ ತಪ್ಪಿಲ್ಲ.

ಈಗ ಕೆಲಸಕ್ಕೆ ಬರೋಣ. ತೋಳನ್ನು ಪೂರ್ತಿ ಬಿಚ್ಚಬೇಡಿ. ಮುಂದಿನ ಕಚ್ಚಿನಿಂದ (ತೋಳು ಕೂರಿಸಲು ಬಟ್ಟೆಯ ಅಂಚಿಗೆ ಹಾಕಿರುವ ಸಣ್ಣ ಕತ್ತರಿ ಗುರುತು) ಹಿಂದಿನ ಕಚ್ಚಿನವರೆಗೆ ಮೇಲ್ಭಾಗ ಮಾತ್ರ ಬಿಚ್ಚಿ. ಭುಜದಲ್ಲಿ ಅರ್ಧ ಇಂಚು, ಹೆಚ್ಚೆಂದರೆ ಮುಕ್ಕಾಲು ಇಂಚು ತೆಗೆದು, ಕಂಕುಳದ ಕಡೆಗೆ ಕಡಿಮೆ ಮಾಡುತ್ತಾ ಸೊನ್ನೆಗೆ ತನ್ನಿ. ಇದು ಎಲ್ಲರಿಗೂ ಗೊತ್ತು. ನಾನು ಹಾಳಾಗಿದ್ದು ಬೇರೆ ಕಡೆ. ಭುಜ ಒಳಗೆ ಹೋದಷ್ಟೂ ಕಫ್ ಮೇಲೆ ಹತ್ತುತ್ತದೆ. ಮೊದಲ ವರ್ಷ ಸುಮಾರು ನಲವತ್ತು ಶರ್ಟು ಮಾಡಿದೆ, ಹನ್ನೊಂದು ಹಾಳು. ಅದರಲ್ಲಿ ಏಳೋ ಎಂಟೋ ಇದೇ ತಪ್ಪು. ಭುಜ ಚಿನ್ನದಂತೆ ಕೂತಿದೆ, ಕಫ್ ಮಾತ್ರ ಮಣಿಕಟ್ಟು ಬಿಟ್ಟು ಮೇಲೆ. ಹಾಕಿಕೊಂಡವರು ಬಡವರಾಗಿ ಕಾಣಲು ಅಷ್ಟೇ ಸಾಕು. ಎಲ್ಲದಕ್ಕೂ ಶರ್ಟಿನ ದುಡ್ಡು ಕೊಟ್ಟೆ. ನಾಲ್ಕೈದು ಸಾವಿರ ಹೋಯಿತು. ಅಂಗಡಿ ಬಾಡಿಗೆ ಕಟ್ಟಲು ಪರದಾಡಿದ ಕಾಲ ಅದು, ಹೆಂಡತಿ ಸೀರೆಗೆ ಫಾಲ್ ಹಚ್ಚಿ ಮನೆ ನಡೆಸಿದಳು.

ಈಗ ಮೊದಲು ತೋಳಿನ ಉದ್ದ ನೋಡುತ್ತೇನೆ, ಆಮೇಲೆ ಭುಜ. ಕಫ್ ಹೆಬ್ಬೆರಳಿನ ಬುಡದವರೆಗೆ ಬರುತ್ತಿದ್ದರೆ ಕೆಲಸ ತಗೊಳ್ಳುತ್ತೇನೆ. ಮಣಿಕಟ್ಟಿಗೇ ನಿಂತಿದ್ದರೆ ಅರ್ಧ ತೋಳು ಮಾಡಿಸಿ ಅನ್ನುತ್ತೇನೆ, ಇಲ್ಲವೇ ವಾಪಸ್ ಕಳಿಸುತ್ತೇನೆ. ಮತ್ತೆ ಹೊಲಿಯುವಾಗ ಇಂಚಿಗೆ ಹದಿನಾರು ಹೊಲಿಗೆ. ಅಗ್ಗದ ಶರ್ಟುಗಳಲ್ಲಿ ಒಂಬತ್ತು ಹತ್ತು ಇರುತ್ತದೆ, ಕಣ್ಣಿಗೆ ಒರಟಾಗಿ ಕಾಣುತ್ತದೆ. ಹನ್ನೊಂದು ನಂಬರ್ ಸೂಜಿ ಹಾಕಿ, ದಾರ ಸಡಿಲ ಬಿಡಿ. ಜೀನ್ಸ್ ಕೈಯವರು ದಾರ ಬಿಗಿ ಹಿಡಿಯುತ್ತಾರೆ, ತೆಳು ಬಟ್ಟೆ ಸುಕ್ಕಾಗುತ್ತದೆ. ನನಗೂ ಆ ಚಟ ಬಿಡಲು ಆರು ತಿಂಗಳು ಹಿಡಿಯಿತು. ತೋಳು ಕೂರಿಸುವಾಗ ಮೇಲಿನ ಹೆಚ್ಚುವರಿ ಬಟ್ಟೆಯನ್ನು ನೆರಿಗೆ ಬೀಳದ ಹಾಗೆ ಕರಗಿಸಲು ಒಂದು ಒದ್ದೆ ಬಟ್ಟೆಯ ಕೆಲಸ ಇದೆ. ಅದನ್ನು ಇಲ್ಲಿ ಹೇಳುವುದಿಲ್ಲ. ಅದರಲ್ಲಿ ನನ್ನ ಅನ್ನ ಇದೆ.

ಸೊಂಟದಲ್ಲಿ ಜಾಸ್ತಿ ಹಿಡಿಯಬೇಡಿ. ಹುಡುಗರು ಬಿಗಿ ಬೇಕು ಅನ್ನುತ್ತಾರೆ. ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ದಾಟುವ ಊರು ನಮ್ಮದು. ಬೆವರಿಗೆ ಬೆನ್ನು ಅಂಟಿಕೊಂಡು, ಕೂತಾಗ ಗುಂಡಿಗಳ ನಡುವೆ ಬನಿಯನ್ ಕಂಡರೆ ಅಲ್ಲಿಗೆ ಮುಗಿಯಿತು.

ಇಸ್ತ್ರಿ ಕತೆ ಬೇರೆ. ಸೆಕೆಂಡ್ ಹ್ಯಾಂಡ್ ಸ್ಟೀಮ್ ಐರನ್ ಒಂದನ್ನು ಆರೂವರೆ ಸಾವಿರಕ್ಕೆ ತಂದೆ. ಬೋರಿನ ನೀರು ಹಾಕಿದೆ. ನಮ್ಮ ನೀರು ಎಂಥದ್ದು ಅಂತ ನಿಮಗೆ ಹೇಳಬೇಕಿಲ್ಲ, ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವುದು ದಿನಾ ನೋಡುತ್ತೇವೆ. ಮೂರು ತಿಂಗಳಿಗೆ ಒಳಗೆಲ್ಲ ಉಪ್ಪು ಕಟ್ಟಿತು. ಒಂದು ದಿನ ಒಬ್ಬರ ಬಿಳಿ ಲಿನನ್ ಶರ್ಟಿನ ಎದೆಯ ಮೇಲೆ ತುಕ್ಕಿನ ಕಂದು ನೀರು ಕಾರಿತು. ಗಾಬರಿಯಲ್ಲಿ ಬ್ಲೀಚ್ ಹಾಕಿದೆ. ಅದು ದೊಡ್ಡ ತಪ್ಪು. ತುಕ್ಕಿನ ಕಲೆಗೆ ಬ್ಲೀಚ್ ಬಿದ್ದರೆ ಅದು ಇನ್ನೂ ಗಟ್ಟಿಯಾಗಿ ಕೂರುತ್ತದೆ. ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಹಾಕಿದ್ದರೆ ಉಳಿಯುತ್ತಿತ್ತು. ಎರಡು ಸಾವಿರದ ಇನ್ನೂರು ಕೊಟ್ಟು ಕೈಮುಗಿದೆ. ಈಗ ಓಣಿಯ ಶುದ್ಧ ನೀರಿನ ಘಟಕದಿಂದ ಐದು ರೂಪಾಯಿಗೆ ಒಂದು ಕ್ಯಾನ್ ತರುತ್ತೇನೆ. ವಾರ ಪೂರ್ತಿ ಬರುತ್ತದೆ. ಆಮೇಲೆ ಒಂದು ಕಲೆಯೂ ಬಿದ್ದಿಲ್ಲ.

ಐರನ್ ಎಳೆಯಬೇಡಿ, ಒತ್ತಿ ಎತ್ತಿ. ಕಪ್ಪು, ನೀಲಿ ಟೆರಿಕಾಟ್ ಪ್ಯಾಂಟಿಗೆ ಒಳಗಿನ ಕಡೆಯಿಂದಲೇ ಒತ್ತಿ. ಕೂರುವ ಜಾಗದಲ್ಲಿ ಆ ಮಿರುಗು ಬಂತು ಅಂದರೆ ಪ್ಯಾಂಟು ಹಳೆಯದು ಅಂತ ಕೂಗಿ ಹೇಳಿದ ಹಾಗೆ.

ಗಂಜಿಯ ಮೇಲೆ ಒಂದು ಬೇಸಿಗೆ ಪೂರ್ತಿ ಕಳೆದೆ. ಸೋನಾಮಸೂರಿ ಗಂಜಿ, ಮೈದಾ, ಸಬ್ಬಕ್ಕಿ, ಮೂರನ್ನೂ ಹಾಕಿ ನೋಡಿದೆ. ಅಕ್ಕಿ ಗಂಜಿ ಬಿಳಿಗೆ ಒಳ್ಳೆಯದು, ಬಣ್ಣದ ಬಟ್ಟೆ ಮೇಲೆ ಬಿಳಿ ಹೊಟ್ಟು ಏಳುತ್ತದೆ. ಮೈದಾ ಬೇಡವೇ ಬೇಡ, ಮಡಿಕೆಯಲ್ಲಿ ಸೀಳಿದ ಗೆರೆ ಬಿಡುತ್ತದೆ. ಸಬ್ಬಕ್ಕಿ ತಿಳಿಯಾಗಿರುತ್ತದೆ, ಹೊಳಪೂ ಮೆತ್ತಗೆ. ಒಂದು ಲೀಟರಿಗೆ ಒಂದೂವರೆ ಚಮಚದಷ್ಟು ಕುದಿಸಿ, ಎರಡು ಸಲ ಸೋಸಿ. ನಾನು ಇನ್ನೊಂದು ಸಾಮಾನು ಸೇರಿಸುತ್ತೇನೆ, ಅದು ಅಂಗಡಿಯಲ್ಲೇ ಇರಲಿ. ಗಂಜಿಯಿಂದ ಇನ್ನೊಂದು ಲಾಭ ಇದೆ. ಅದಿರಿನ ಕೆಂಪು ಧೂಳು ದಾರದೊಳಗೆ ಇಳಿಯುವುದಿಲ್ಲ, ಗಂಜಿಯ ಜೊತೆಗೇ ತೊಳೆದು ಹೋಗುತ್ತದೆ. ಸಂಡೂರು, ತೋರಣಗಲ್ಲು ಕಡೆಯ ಗಿರಾಕಿಗಳಿಗೆ ನಾನು ಹೇಳುವುದು ಒಂದೇ: ಬಟ್ಟೆಯನ್ನು ಒಣಗಿದ್ದಾಗಲೇ ಚೆನ್ನಾಗಿ ಕೊಡವಿ, ಆಮೇಲೆ ನೆನೆಸಿ. ಧೂಳಿನ ಸಮೇತ ನೆನೆಸಿದರೆ ಬಿಳಿ ಶರ್ಟು ಕಾವಿ ಆಗುತ್ತದೆ. ಅಚ್ಚ ಬಿಳಿಗಿಂತ ಕೆನೆ ಬಣ್ಣ ತಗೊಳ್ಳಿ ಅಂತಲೂ ಹೇಳುತ್ತೇನೆ. ಸಂಜೆ ಆರಕ್ಕೂ ಬೆಳಗಿನ ಹಾಗೇ ಕಾಣುತ್ತದೆ.

ಹೊಸ ಶರ್ಟು ಹೊಲಿಸುವವರಿಗೆ ಜೇಬು ಬೇಡ ಅನ್ನಲು ಶುರು ಮಾಡಿದೆ. ಇದಕ್ಕೆ ತುಂಬ ಜಗಳ ಆಗಿದೆ. "ಮೊಬೈಲ್ ಎಲ್ಲಿಡೋದ್ರೀ, ಚೀಟಿ ಎಲ್ಲಿಡೋದು?" ಅಂತ ಎಪಿಎಂಸಿ ದಲ್ಲಾಲರೊಬ್ಬರು ಅಂಗಡಿಯಲ್ಲೇ ರೇಗಿದರು. ಅವರ ಹಳೇ ಶರ್ಟನ್ನು ಹ್ಯಾಂಗರಿಗೆ ಹಾಕಿ, ಎಡಗಡೆ ಜೇಬಿಗೆ ಅವರದೇ ಫೋನು ಇಟ್ಟೆ. ಎಡ ಮಗ್ಗುಲು ಕೆಳಗೆ ಜಗ್ಗಿ, ಕಾಲರ್ ಓರೆಯಾಗಿ ನಿಂತಿತು. ಸುಮ್ನೆ ಎರಡು ನಿಮಿಷ ನೋಡಿದರು. ಮುಂದಿನ ನಾಲ್ಕು ಶರ್ಟು ಜೇಬಿಲ್ಲದೆ ಹೊಲಿಸಿಕೊಂಡಿದ್ದಾರೆ. ಫೋನು ಈಗ ಕೈಚೀಲದಲ್ಲಿ.

ಭುಜ, ತೋಳು, ಮಗ್ಗುಲು, ಗಂಜಿ, ಇಸ್ತ್ರಿ ಎಲ್ಲ ಸೇರಿ ಮೊದಲು ನೂರು ರೂಪಾಯಿ ಇಟ್ಟಿದ್ದೆ. ಈಗ ಇನ್ನೂರ ಎಂಬತ್ತು. ಒಂದಕ್ಕೆ ಎರಡು ಗಂಟೆ ಹಿಡಿಯುತ್ತಿತ್ತು, ಈಗ ನಲವತ್ತು ನಿಮಿಷ. ತಿಂಗಳಿಗೆ ಹೆಚ್ಚೂಕಡಿಮೆ ನೂರು ಶರ್ಟು ಬರುತ್ತದೆ, ಮದುವೆ ಸೀಸನ್ನಿನಲ್ಲಿ ಇನ್ನೂ ಜಾಸ್ತಿ. ರಾಯಚೂರಿನಿಂದಲೂ ಬಸ್ಸಿಗೆ ಹಾಕಿ ಕಳಿಸುವವರಿದ್ದಾರೆ. ಹೊಸ ಹೊಲಿಗೆಗಿಂತ ಇದರಲ್ಲೇ ನನಗೆ ಹೆಚ್ಚು ಉಳಿಯುತ್ತಿದೆ. ಯಾರು ಕಾಸು ಕೊಡ್ತಾರೆ ಅಂದಿದ್ದ ಅಂಗಡಿಗಳಲ್ಲಿ ಎರಡು ಈಗ ಭುಜದ ಕೆಲಸವನ್ನು ನನ್ನ ಹತ್ತಿರವೇ ಕಳಿಸುತ್ತವೆ.

ಕೋಟಿನ ಭುಜ ಮಾತ್ರ ಇನ್ನೂ ಕೈಗೆ ಬಂದಿಲ್ಲ. ಒಳಗಿನ ಪ್ಯಾಡ್ ತೆಗೆದು ಮತ್ತೆ ಕೂರಿಸಿದರೆ ತೋಳು ಹಿಂದಕ್ಕೆ ತಿರುಗುತ್ತಿದೆ. ಹಳೇ ಕೋಟು ಮೂರು ತಂದು ಬಿಚ್ಚಿ ಇಟ್ಟಿದ್ದೇನೆ. ದೀಪಾವಳಿಯೊಳಗೆ ಒಂದನ್ನಾದರೂ ಸರಿಯಾಗಿ ಕೂರಿಸಬೇಕು.