14 ಮಂದಿ ಕಟ್ಟಿಕೊಂಡು ಲಂಕೆಗೆ ಸರ್ಫಿಂಗ್ ಹೋಗುವುದು ಹೇಗೆ

ವಾಟ್ಸಾಪ್ ಗ್ರೂಪಿನಲ್ಲಿ "ನಾನೂ ಬರ್ತೀನಿ" ಅಂದವರನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಡಿ. ನಮ್ಮಲ್ಲಿ 22 ಜನ ಕೈ ಎತ್ತಿದ್ದರು. ಬೆಳಗಾವಿ ಸ್ಟೇಷನ್ನಿನಲ್ಲಿ ರಾಣಿ ಚೆನ್ನಮ್ಮ ರೈಲು ಹತ್ತಿದ್ದು 14 ಜನ. ಉಳಿದ ಎಂಟು ಜನರ ಮೇಲೆ ನನಗೇನೂ ಸಿಟ್ಟಿಲ್ಲ, ಆದರೆ ಅವರನ್ನು ನಂಬಿ ರೂಮ್ ಹಿಡಿದಿದ್ದರೆ ಆ ಬಾಡಿಗೆಯೂ ನಮ್ಮ ತಲೆಗೇ ಬರುತ್ತಿತ್ತು. ದೊಡ್ಡ ಗುಂಪು ಹೊರಟಾಗ ದುಡ್ಡು ಸೋರುವುದು ಇಲ್ಲೇ.

ಅದಕ್ಕೆ ಆರು ತಿಂಗಳು ಮೊದಲೇ ಭಿಶಿ, ಅಂದರೆ ಚೀಟಿ ದುಡ್ಡು, ತುಂಬಿದ ಹಾಗೆ ಶುರು ಮಾಡಿ. ಪ್ರತಿ ತಿಂಗಳು 5ನೇ ತಾರೀಖಿಗೆ ಇಷ್ಟು ಅಂತ ಇಟ್ಟುಬಿಡಿ. ಎರಡು ಕಂತು ತಪ್ಪಿಸಿದವರ ಹೆಸರು ತೆಗೆಯಿರಿ, ಅವರು ನಿಮ್ಮ ಭಾವನೇ ಆಗಿರಲಿ. ಟಿಕೆಟ್ ಆದ ಮೇಲೆ ಬಿಟ್ಟರೆ ದುಡ್ಡು ವಾಪಸಿಲ್ಲ ಅನ್ನುವುದನ್ನು ಮೊದಲ ದಿನವೇ ಹೇಳಿ. ಆಮೇಲೆ ಹೇಳಿದರೆ ಜಗಳ.

ಯಾಕೆ ಶ್ರೀಲಂಕಾ? ಬಾಲಿ ಅಂತ ಕುಣಿದವರು ನಮ್ಮಲ್ಲೂ ಇದ್ದರು. ಆದರೆ ಬೆಂಗಳೂರಿನಿಂದ ಕೊಲಂಬೊಗೆ ವಿಮಾನ ಸುಮಾರು ಒಂದೂವರೆ ಗಂಟೆ. ನಮಗೆ ಬೆಂಗಳೂರು ಮುಟ್ಟುವುದಕ್ಕೇ ಒಂದು ರಾತ್ರಿ ಬೇಕು, ಹಾಗಾಗಿ ವಿದೇಶವೇ ಹತ್ತಿರ. ಸರ್ಫಿಂಗ್ ಅಂದರೆ ಬೋರ್ಡಿನ ಮೇಲೆ ನಿಂತು ಅಲೆ ಸವಾರಿ; ಅದಕ್ಕೆ ಹೊಸಬರು ದಕ್ಷಿಣ ಕರಾವಳಿಯ ವೆಲಿಗಾಮಕ್ಕೇ ಹೋಗಿ. ಅಲ್ಲಿ ತಳದಲ್ಲಿ ಮರಳು, ಬಿದ್ದರೆ ಮೈ ಕೊಯ್ಯುವುದಿಲ್ಲ. ಪಕ್ಕದ ಮಿದಿಗಾಮದ ಕಡೆ ತಳದಲ್ಲಿ ಬಂಡೆ, ಹವಳದ ದಿಬ್ಬ ಇವೆ, ಕಲಿತವರಿಗೆ ಮಾತ್ರ. ದಕ್ಷಿಣಕ್ಕೆ ಸೀಸನ್ ನವೆಂಬರ್‌ನಿಂದ ಏಪ್ರಿಲ್. ಬೇಸಿಗೆ ಕಳೆದ ಮೇಲೆ ಹೋಗುವುದಾದರೆ ಪೂರ್ವದ ಅರುಗಂ ಬೇ ನೋಡಿ. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ವಾರ ಬೇಡವೇ ಬೇಡ, ಬೆಲೆ ಕೇಳಿಯೇ ತಲೆ ತಿರುಗುತ್ತದೆ.

ಪಾಸ್‌ಪೋರ್ಟ್ ಎಲ್ಲರದ್ದೂ ಒಂದೇ ದಿನ ಕೂತು ನೋಡಿ. ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ನಮ್ಮಲ್ಲೊಬ್ಬನಿಗೆ ನಾಲ್ಕೇ ತಿಂಗಳು ಉಳಿದಿತ್ತು, ಹುಬ್ಬಳ್ಳಿ ಸೇವಾ ಕೇಂದ್ರಕ್ಕೆ ಓಡಬೇಕಾಯಿತು. ಟಿಕೆಟ್ ಮೇಲಿನ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ. ನಮ್ಮ ಕಡೆ ಒಂದು ಕಾಗದದಲ್ಲಿ ಅಪ್ಪನ ಹೆಸರು ಸೇರಿರುತ್ತದೆ, ಇನ್ನೊಂದರಲ್ಲಿ ಅಡ್ಡಹೆಸರೇ ಇರುವುದಿಲ್ಲ, ಅಲ್ವಾ? ಪ್ರವೇಶದ ಅನುಮತಿ, ಅಂದರೆ ಇಟಿಎ, ಲಂಕಾ ಸರ್ಕಾರದ ಸೈಟಿನಲ್ಲೇ ಮಾಡಿ. ಅದರಂತೆಯೇ ಕಾಣುವ ಏಜೆಂಟರ ಸೈಟುಗಳು ಸುಮ್ನೆ ಜಾಸ್ತಿ ದುಡ್ಡು ಕೀಳುತ್ತವೆ.

ಈಗ ವಿಮಾನ. ಹೆಚ್ಚಿನ ಸೈಟುಗಳಲ್ಲಿ ಒಂದು ಸಲಕ್ಕೆ ಒಂಬತ್ತೇ ಜನ. ಅಷ್ಟೂ ಜನರನ್ನು ಒಟ್ಟಿಗೆ ಹಾಕಿದರೂ ನಷ್ಟ ಆಗಬಹುದು. ಅಗ್ಗದ ದರದ ಸೀಟು ನಾಲ್ಕೇ ಉಳಿದಿದ್ದು ನೀವು ಒಂಬತ್ತು ಕೇಳಿದರೆ, ಸಾಮಾನ್ಯವಾಗಿ ಆ ನಾಲ್ಕನ್ನೂ ಸೇರಿಸಿ ಒಂಬತ್ತಕ್ಕೂ ಮೇಲಿನ ದರವೇ ಬರುತ್ತದೆ. ಮೊದಲು ಒಬ್ಬರಿಗೆ ಹಾಕಿ ದರ ನೋಡಿ, ಆಮೇಲೆ ಎರಡು, ಮೂರು, ನಾಲ್ಕು ಅಂತ ಏರಿಸುತ್ತಾ ಹೋಗಿ. ದರ ಎಲ್ಲಿ ಜಿಗಿಯುತ್ತದೋ ಅಲ್ಲಿ ತುಂಡು ಮಾಡಿ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನಕ್ಕೆ ವಿಮಾನ ಕಂಪನಿಗಳು ಗುಂಪಿನ ದರ ಅಂತ ಬೇರೆಯೇ ಕೊಡುತ್ತವೆ, ಅದನ್ನೂ ಕೇಳಿ ನೋಡಿ. ಆದರೆ ಅದೇ ಅಗ್ಗ ಅಂತ ಕಣ್ಣು ಮುಚ್ಚಿ ನಂಬಬೇಡಿ.

ಹೋಗುವ ಮೊದಲು ಎರಡು ದಿನ ಮೂಲ್ಕಿಗೆ ಹೋಗಿ ಬನ್ನಿ, ಮಳೆಗಾಲ ಬಿಟ್ಟು. ಅಲ್ಲಿ ಸರ್ಫಿಂಗ್ ಶಾಲೆಗಳಿವೆ, ಕನ್ನಡದಲ್ಲೇ ಕೇಳಿ ಕಲಿಯಬಹುದು. ಅಲ್ಲಿ ಬೋರ್ಡಿನ ಮೇಲೆ ಎದ್ದು ನಿಲ್ಲುವುದು ಕಲಿತರೆ ಲಂಕೆಯಲ್ಲಿ ಮೊದಲ ಎರಡು ದಿನದ ಫೀಸು ಉಳಿಯುತ್ತದೆ. ಇನ್ನೊಂದು ಮುಖ್ಯ ವಿಷಯವೂ ಗೊತ್ತಾಗುತ್ತದೆ: ಯಾರಿಗೆ ನೀರಿನ ಭಯ ಇದೆ ಅಂತ. ನಾವೆಲ್ಲ ತೋಟದ ಬಾವಿಯಲ್ಲಿ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಈಜು ಕಲಿತವರು. ಬಾವಿ ನೀರು ನಿಂತ ನೀರು. ಸಮುದ್ರ ಕಾಲು ಹಿಡಿದು ಎಳೆಯುತ್ತದೆ.

ಬೋರ್ಡು ಕೊಳ್ಳಬೇಡಿ, ಒಯ್ಯಲೂ ಬೇಡಿ. ಅಲ್ಲೇ ದಂಡೆಯ ಮೇಲೆ ಬಾಡಿಗೆಗೆ ಸಿಗುತ್ತವೆ. ಹೊಸಬರಿಗೆ ಎಂಟು ಒಂಬತ್ತು ಅಡಿಯ ಮೆತ್ತನೆ ಫೋಮ್ ಬೋರ್ಡು. 14 ಜನಕ್ಕೆ 14 ಬೋರ್ಡು ಬೇಕಿಲ್ಲ, ಏಳು ಸಾಕು. ಒಂದು ಗಂಟೆ ಕೈಯಲ್ಲಿ ನೀರು ಹೊಡೆದರೆ ಭುಜ ಬಿದ್ದು ಹೋಗುತ್ತದೆ, ಆಗ ಇನ್ನೊಬ್ಬ ಇಳಿಯುತ್ತಾನೆ. ದಂಡೆಯ ಮೇಲೆ ಕೂತವನು ತನ್ನ ಜೋಡಿಯ ಮೇಲೆ ಕಣ್ಣಿಡಬೇಕು. ಹೀಗೆ ಮಾಡಿದ್ದರಿಂದ ಬಾಡಿಗೆ ಅರ್ಧ ಆಯಿತು, ಎಣಿಕೆಯೂ ತಪ್ಪಲಿಲ್ಲ. ಗಂಟೆ ಲೆಕ್ಕ ಬೇಡ, ಏಳು ಬೋರ್ಡಿಗೆ ಐದು ದಿನಕ್ಕೆ ಒಟ್ಟು ಎಷ್ಟು ಅಂತ ಕೇಳಿ. ನಮ್ಮ ಬೆಳಗಾವಿಯ ಶನಿವಾರ ಖೂಟದ ಪೇಟೆಯಲ್ಲಿ ಚೌಕಾಸಿ ಮಾಡಿದವರಿಗೆ ಇದೇನು ಕಷ್ಟವಲ್ಲ. ಬೆಳಿಗ್ಗೆ ಬೇಗ ಇಳಿಯಿರಿ, ಹೊತ್ತು ಏರಿದಂತೆ ಗಾಳಿ ಎದ್ದು ಅಲೆ ಕೆಡುತ್ತದೆ.

ಸೆಳವಿಗೆ ಸಿಕ್ಕರೆ ದಂಡೆಯ ಕಡೆಗೇ ನೇರ ಈಜಬೇಡಿ, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ. ಬೋರ್ಡು ಬಿಡಬೇಡಿ, ಅದೇ ತೇಲಿಸುತ್ತದೆ. ಇನ್ನೊಬ್ಬ ಆಗಲೇ ಹತ್ತಿದ ಅಲೆಗೆ ನುಗ್ಗಬೇಡಿ, ಗುಂಪಾಗಿ ಹೋದವರು ಬೈಸಿಕೊಳ್ಳುವುದು ಇದಕ್ಕೇ. ಅಲ್ಲಿ ಆಂಬುಲೆನ್ಸ್ ನಂಬರ್ 1990, ಉಚಿತ. ಎಲ್ಲರ ಫೋನಿನಲ್ಲೂ ಇರಲಿ. ಪ್ರವಾಸದ ವಿಮೆಯಲ್ಲಿ ಸರ್ಫಿಂಗ್ ಸೇರಿದೆಯಾ ಅಂತ ಓದಿ, ಎಷ್ಟೋ ಪಾಲಿಸಿಗಳಲ್ಲಿ ಸಾಹಸ ಕ್ರೀಡೆ ಹೊರಗೇ ಇರುತ್ತದೆ.

ಊಟ. ನಮ್ಮಲ್ಲಿ ಆರು ಜನ ಪಕ್ಕಾ ಸಸ್ಯಾಹಾರಿಗಳು. ಲಂಕೆಯ ಅನ್ನ, ಬೇಳೆ ಸಾರು, ಪಲ್ಯ ಚೆನ್ನಾಗಿಯೇ ಇರುತ್ತದೆ, ಬೆಲೆಯೂ ಕಡಿಮೆ. ಆದರೆ ತೆಂಗಿನಕಾಯಿ ಚಟ್ನಿ ಅಂತ ಬಡಿಸಿಕೊಳ್ಳುವ ಪೋಲ್ ಸಂಬೋಲದಲ್ಲಿ ಒಣ ಮೀನಿನ ಪುಡಿ ಹಾಕುವುದುಂಟು. ನೋಡಿದರೆ ಗೊತ್ತೇ ಆಗುವುದಿಲ್ಲ. ಕೇಳಿಯೇ ತಿನ್ನಿ. ಗರಿಗರಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ ನಾವೂ ಕಟ್ಟಿಕೊಂಡು ಹೋಗಿದ್ದೆವು. ಒಂದು ತಪ್ಪಾಯಿತು: ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೆವು. ಎರಡನೇ ದಿನ ಮುರಿದರೆ ಸದ್ದೇ ಇಲ್ಲ, ನೆನೆದ ರಟ್ಟಿನ ಹಾಗೆ ಬಾಗಿತು. ಸಮುದ್ರದ ಗಾಳಿಗೆ ನಮ್ಮ ಜೋಳದ ರೊಟ್ಟಿ ತಡೆಯುವುದಿಲ್ಲ. ಗಟ್ಟಿ ಮುಚ್ಚಳದ ಡಬ್ಬಿ ಒಯ್ಯಿರಿ.

ನಮ್ಮ ಯುಪಿಐ 2024ರ ಫೆಬ್ರವರಿಯಿಂದ ಅಲ್ಲೂ ನಡೆಯುತ್ತದೆ, ಹೊರಡುವ ಮೊದಲು ಆಪಿನಲ್ಲಿ ವಿದೇಶದ ಪಾವತಿ ಚಾಲೂ ಮಾಡಿಕೊಳ್ಳಿ. ಆದರೂ ಬೋರ್ಡಿನವನಿಗೆ, ಆಟೋದವನಿಗೆ ನಗದು ಇರಲಿ. ಕೊಲಂಬೊ ಫೋರ್ಟ್ ಸ್ಟೇಷನ್ನಿನಿಂದ ವೆಲಿಗಾಮಕ್ಕೆ ರೈಲು ಬಲು ಅಗ್ಗ, ಬಲಗಡೆ ಕೂತರೆ ಸಮುದ್ರ. ಹುಣ್ಣಿಮೆ ದಿನ ಮಾತ್ರ ತಪ್ಪಿಸಿ. ನಮ್ಮಲ್ಲಿ ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡ ತುಂಬುತ್ತದಲ್ಲ, ಲಂಕೆಯಲ್ಲಿ ಪ್ರತಿ ಹುಣ್ಣಿಮೆಯೂ ಪೋಯ ಅಂತ ರಜೆ. ರೈಲಿನಲ್ಲಿ ನೂಕುನುಗ್ಗಲು, ಬಿಯರ್ ಅಂಗಡಿ ಬಂದ್. ಇದು ಗೊತ್ತಿಲ್ಲದೆ ನಮ್ಮ ಹುಡುಗರ ಮುಖ ನೋಡಬೇಕಿತ್ತು.

ವಾಪಸು ಬರುವ ಹಿಂದಿನ ರಾತ್ರಿ ವಿಮಾನ ನಿಲ್ದಾಣದ ಹತ್ತಿರದ ನೆಗೊಂಬೊದಲ್ಲಿ ಉಳಿಯಿರಿ. ಅದಕ್ಕೂ ಮೊದಲು ಎಲ್ಲರ ಒದ್ದೆ ಬಟ್ಟೆ ಒಣಗಿಸಿ. ಉಪ್ಪುನೀರು ಕುಡಿದ ಟವೆಲ್ ಎಷ್ಟು ತೂಗುತ್ತದೆ ಅಂತ ನಾವು ತಿಳಿದದ್ದು ಚೆಕ್ಇನ್ ಕೌಂಟರಿನ ತಕ್ಕಡಿಯ ಮೇಲೆ.