ಎರಡು ರಕ್ತ ಪರೀಕ್ಷೆಯ ನಡುವೆ ಒಂದು ಕಣ್ಣಿನ ಫೋಟೊ

ಶುಗರ್ ಕಾಯಿಲೆ ಕಣ್ಣಿನ ಹಿಂಭಾಗದ ಪರದೆಗೆ (ರೆಟಿನಾ) ಮಾಡಿದ ಹಾನಿಯನ್ನು ಫೋಟೊದಲ್ಲಿ ತೋರಿಸುವ ಫಂಡಸ್ ಕ್ಯಾಮೆರಾ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಾಗ ಎಲ್ಲರೂ ಕೇಳಿದ್ದು, ಇದನ್ನು ಹಿಡಿಯುವವರು ಯಾರು ಅಂತ. ಅದೇನೂ ಕಷ್ಟವಾಗಲಿಲ್ಲ. ಫೋನಿಗೆ ಜೋಡಿಸಿದ ಕ್ಯಾಮೆರಾ, ನಮ್ಮ ಸ್ಟಾಫ್ ನರ್ಸ್ ಬೇಗ ಕಲಿತರು. ತಲೆನೋವಾಗಿದ್ದು ಜನರನ್ನು ಕೂರಿಸುವುದು. ಶುಗರ್ ಮಾತ್ರೆ ಕೈಗೆ ಬಂತೋ, ಎದ್ದು ಬಸ್ಸಿಗೆ ಹೊರಟೇಬಿಡುತ್ತಾರೆ.

ಬರಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ತಿಂಡಿ ತಿಂದು, ಎರಡು ಗಂಟೆ ಬಿಟ್ಟು ಮತ್ತೆ ರಕ್ತ ಕೊಡಬೇಕಲ್ವಾ? ಆ ಹೊತ್ತು ಸುಮ್ನೆ ಹಾಳಾಗುತ್ತಿತ್ತು. ಕಣ್ಣಿನ ಫೋಟೊ ಅಲ್ಲಿಗೇ ಹಾಕಿದೆವು. ಮಾತ್ರೆ ಕೊನೆಗೆ.

ಇಂಜೆಕ್ಷನ್ ರೂಮಿನ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ್ದೇವೆ. ಕತ್ತಲಲ್ಲಿ ಐದು ನಿಮಿಷ ಕೂತರೆ ಹಲವರಿಗೆ ಪಾಪೆ ತಾನಾಗಿಯೇ ಅಗಲವಾಗುತ್ತದೆ. ಒಂದು ಕಣ್ಣಿಗೆ ಫ್ಲಾಶ್ ಬಿದ್ದರೆ ಎರಡೂ ಪಾಪೆ ಕಿರಿದಾಗುತ್ತವೆ. ಹಾಗಾಗಿ ಎರಡನೇ ಕಣ್ಣಿಗೆ ಅವಸರ ಮಾಡಬಾರದು. ಎಲ್ಲರ ಫೋಟೊದಲ್ಲೂ ಒಂದೇ ಜಾಗದಲ್ಲಿ ಚುಕ್ಕಿ ಕಂಡರೆ ಅದು ಕಾಯಿಲೆಯಲ್ಲ, ಲೆನ್ಸಿನ ಮೇಲಿನ ಧೂಳು!

ವಯಸ್ಸಾದವರಲ್ಲಿ ಪಾಪೆ ಚಿಕ್ಕದು, ಜೊತೆಗೆ ಪೊರೆ. ಫೋಟೊ ಮಂಜು ಮಂಜು. ಆಗ ಪಾಪೆ ಅಗಲಿಸುವ ಟ್ರೋಪಿಕಮೈಡ್ ಹನಿ ಹಾಕಿ ಇಪ್ಪತ್ತು–ಮೂವತ್ತು ನಿಮಿಷ ಕಾಯುತ್ತೇವೆ. ಅದಕ್ಕೂ ಮೊದಲು ಕಿವಿಯ ಕಡೆಯಿಂದ ಅಡ್ಡಲಾಗಿ ಟಾರ್ಚ್ ಬಿಟ್ಟು ನೋಡುತ್ತೇನೆ. ಮೂಗಿನ ಕಡೆ ನೆರಳು ಬಿದ್ದರೆ ಕಣ್ಣಿನ ಮುಂಭಾಗ ಕಿರಿದಾಗಿರಬಹುದು, ಒತ್ತಡ ಏರುವ ಅಪಾಯ. ಅವರಿಗೆ ಹನಿ ಇಲ್ಲ, ನೇರ ಕಣ್ಣಿನ ಡಾಕ್ಟರ ಹತ್ತಿರ. ಇನ್ನೊಂದು ಪ್ರಶ್ನೆ ಕೇಳಲೇಬೇಕು: “ಗಾಡಿ ಯಾರು ಓಡಿಸ್ತಾರೆ?” ಹನಿ ಹಾಕಿದ ಮೇಲೆ ಕೆಲವು ಗಂಟೆ ಮಬ್ಬು, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಒಬ್ಬರೇ ಬೈಕಲ್ಲಿ ಬಂದಿದ್ದರೆ ಮುಂದಿನ ಸಲ ಮಗನ ಜೊತೆ ಬನ್ನಿ ಅಂತ ಕಳಿಸುತ್ತೇವೆ.

ಹನಿ ಹಾಕಿಯೂ ಫೋಟೊ ಸರಿ ಬರದಿದ್ದರೆ ‘ನಾರ್ಮಲ್’ ಅಂತ ಬರೆಯಬಾರದು. ಕಾಣಲಿಲ್ಲ ಅಂದರೆ ಇಲ್ಲ ಅಂತಲ್ಲ. ಅಂಥವರನ್ನೂ ಮುಂದಕ್ಕೆ ಕಳಿಸಲೇಬೇಕು.

ಫೋಟೊ ಓದುವ ಸಾಫ್ಟ್‌ವೇರ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಕಣ್ಣಿನ ಡಾಕ್ಟರಿಲ್ಲದೆ ತಾನೇ ಫಲಿತಾಂಶ ಹೇಳುವಂಥ ಒಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಒಪ್ಪಿಗೆ ಕೊಟ್ಟಿದೆ. ನಮ್ಮ ಫೋಟೊಗಳನ್ನು ಜಿಲ್ಲಾ ಆಸ್ಪತ್ರೆಯ ಕಣ್ಣಿನ ಡಾಕ್ಟರೇ ನೋಡುತ್ತಾರೆ. ಯಾರು ಓದಿದರೇನು, ಚೀಟಿ ಹಿಡಿದು ಜನ ಮುಂದಿನ ಆಸ್ಪತ್ರೆಗೆ ಹೋಗದಿದ್ದರೆ ಎಲ್ಲಾ ದಂಡ.

ಹೋಗದಿರುವುದಕ್ಕೆ ಕಾರಣವೂ ಇದೆ. ನೋವಿಲ್ಲ, ಉರಿಯಿಲ್ಲ, ಕಣ್ಣು ಕಾಣುತ್ತಿದೆ. “ದಿನಾ ಪೇಪರ್ ಓದ್ತೀನಿ ಡಾಕ್ಟ್ರೇ, ನನ್ನ ಕಣ್ಣಿಗೇನಾಗಿದೆ?” ಅಂದರು ಒಬ್ಬ ಹಿರಿಯರು. ಫೋನು ಅವರ ಮುಂದೆ ಹಿಡಿದೆ. “ಯಜಮಾನ್ರೇ, ಇದು ಚೆನ್ನಾಗಿರೋ ಕಣ್ಣು, ಇದು ನಿಮ್ಮದು.” ಒಂದರಲ್ಲಿ ಕಿತ್ತಳೆ ಬಣ್ಣದ ಮೇಲೆ ರಕ್ತನಾಳಗಳು ಮಾತ್ರ. ಇನ್ನೊಂದರಲ್ಲಿ ಕೆಂಪು ಚುಕ್ಕಿಗಳು, ಓದಲು ಬೇಕಾದ ನಡುಭಾಗದ ಪಕ್ಕದಲ್ಲೇ ಹಳದಿ ಕಲೆಗಳು. “ಇದು ನಂದೇನಾ?” ಅಂತ ಫೋನನ್ನು ಕೈಗೆ ತಗೊಂಡು ನೋಡಿದರು. ಅವರು ಚೀಟಿ ಹಿಡಿದು ಮುಂದಿನ ಆಸ್ಪತ್ರೆಗೆ ಹೋದರು. ಪಾಂಪ್ಲೆಟ್ ಕೊಟ್ಟು ನನಗೆ ಯಾರನ್ನೂ ಕಳಿಸಲು ಆಗಿಲ್ಲ.

ಅಲ್ಲಿ ಕಣ್ಣಿಗೆ ಲೇಸರ್ ಚಿಕಿತ್ಸೆ ಆದ ಮೇಲೆ ಕೆಲವರು ಬೇಜಾರಿನಿಂದ ಬರುತ್ತಾರೆ: “ಮೊದಲಿನಷ್ಟೇ ಕಾಣ್ತಿದೆ, ಏನು ಪ್ರಯೋಜನ?” ಇದನ್ನು ಕಳಿಸುವ ಮೊದಲೇ ಹೇಳಬೇಕು. ಲೇಸರ್ ಇರುವ ದೃಷ್ಟಿ ಉಳಿಸಲು, ಹೋದದ್ದನ್ನು ತರಲು ಅಲ್ಲ.

ಈಗ ರಿಜಿಸ್ಟರ್‌ನಲ್ಲಿ ‘ಕಳಿಸಿದೆ’ ಅನ್ನುವ ಕಾಲಂ ಪಕ್ಕ ‘ಹೋದರಾ?’ ಅಂತ ಇನ್ನೊಂದು ಇದೆ. ಅದು ಖಾಲಿ ಇದ್ದರೆ ಆಶಾ ಕಾರ್ಯಕರ್ತೆ ಮನೆಗೆ ಹೋಗುತ್ತಾರೆ. ರೆಟಿನಾದಲ್ಲಿ ಹೊಸ ರಕ್ತನಾಳ ಬೆಳೆದಿದೆ (ಅದು ಒಡೆದರೆ ದೃಷ್ಟಿಯೇ ಹೋಗಬಹುದು) ಅಂತ ವರದಿ ಬಂದರೆ ಅಷ್ಟು ಹೊತ್ತು ಕಾಯುವುದಿಲ್ಲ, ಅವತ್ತೇ ನಾನೇ ಮನೆಯವರಿಗೆ ಫೋನ್ ಮಾಡುತ್ತೇನೆ. ಫೋಟೊ ನಾರ್ಮಲ್ ಬಂದವರ ಶುಗರ್ ಪುಸ್ತಕದ ಮೇಲೆ ಮುಂದಿನ ವರ್ಷದ ಅದೇ ತಿಂಗಳು ಬರೆದು ಕೊಡುತ್ತೇವೆ.