ಲಾರಿ ಡ್ರೈವರ್‌ಗಳ ಕಾಮೆಂಟ್ ಓದಿ ಸಾಗಣೆ ಸಮಸ್ಯೆ ಹಿಡಿಯೋದು ಹೇಗೆ?

ಮಾಲು ಲೇಟಾದ್ರೆ ನಾವು ಮೊದಲು ಬೈಯೋದು ಡ್ರೈವರ್‌ನ. ಲಾರಿ ಎಲ್ಲಿ ನಿಂತಿತ್ತು, ಯಾರು ನಿಲ್ಲಿಸಿದ್ರು ಅನ್ನೋದು ಆಫೀಸ್ ರಿಪೋರ್ಟಲ್ಲಿ ಅಷ್ಟಾಗಿ ಸಿಗಲ್ಲ, ಡ್ರೈವರ್‌ಗಳ ಫೇಸ್‌ಬುಕ್ ಗ್ರೂಪಲ್ಲಿ, ಯೂಟ್ಯೂಬ್ ವಿಡಿಯೋ ಕೆಳಗಿನ ಕಾಮೆಂಟಲ್ಲಿ ಸಿಗುತ್ತೆ. ಸಣ್ಣ ಟ್ರಾನ್ಸ್‌ಪೋರ್ಟ್ ನಡೆಸೋರು, ಹೋಲ್‌ಸೇಲ್ ಅಂಗಡಿಯವರು ಅದನ್ನ ಓದೋದು ಕಲಿಯಲೇಬೇಕು.

ಮೊದಲು ಒಂದೇ ರೂಟ್ ಹಿಡೀರಿ, ಮಂಗಳೂರು–ಬೆಂಗಳೂರು ಅಂತಿಟ್ಕೊಳ್ಳಿ. ‘ಲಾಜಿಸ್ಟಿಕ್ಸ್ ಸಮಸ್ಯೆ’ ಅಂತ ಹುಡುಕಿದ್ರೆ ಬರೋದು ಕಂಪನಿ ಜಾಹೀರಾತು. ಶಿರಾಡಿ (ಈ ರೂಟಲ್ಲಿರೋ ಘಾಟ್), ಹಾಲ್ಟಿಂಗ್ (ಲಾರಿ ಕಾಯಿಸಿದ್ದಕ್ಕೆ ಕೊಡೋ ದುಡ್ಡು), ಅನ್‌ಲೋಡಿಂಗ್, ಬಾಡಿಗೆ ಬ್ಯಾಲೆನ್ಸ್ (ಬರಬೇಕಾದ ಬಾಕಿ ಬಾಡಿಗೆ), ಕಾಟಾ (ಲಾರಿ ತೂಕ ಹಾಕೋ ಜಾಗ), ಹೀಗೆ ಅವರಾಡೋ ಮಾತಲ್ಲೇ ಹುಡುಕಿ, ಹಿಂದಿ ತಮಿಳಲ್ಲೂ ನೋಡಿ.

ಸಿಕ್ಕಿದ್ದನ್ನ ಒಂದು ಶೀಟಲ್ಲಿ ಬರ್ಕೊಳ್ಳಿ: ತಾರೀಖು, ಜಾಗ, ಎಷ್ಟು ಹೊತ್ತು ನಿಂತ್ರು, ಮಾತಾಡ್ತಿರೋದು ಡ್ರೈವರಾ ಮಾಲೀಕರಾ ಬ್ರೋಕರಾ. ಈ ಕೊನೇದು ತುಂಬಾ ಮುಖ್ಯ. 2025ರ ಏಪ್ರಿಲಲ್ಲಿ ಡೀಸೆಲ್ ದರದ ಮೇಲೆ ಮುಷ್ಕರ ಮಾಡಿದ್ದು ಲಾರಿ ಮಾಲೀಕರು, ಅದೇ ಲಾರಿ ಓಡಿಸೋನಿಗೆ ನಿದ್ದೆ, ಶೌಚಾಲಯ, ಗೇಟಲ್ಲಿ ಕಾಯೋದೇ ದೊಡ್ಡ ಕಷ್ಟ ಇರಬಹುದು.

ಆಮೇಲೆ ದೂರಿನ ಹಿಂದೆ ಹೋಗಿ. ‘ಇ-ವೇ ಬಿಲ್ (ಮಾಲು ಸಾಗಿಸೋಕೆ ಬೇಕಾದ ಜಿಎಸ್‌ಟಿ ಆನ್‌ಲೈನ್ ಪತ್ರ) ಎಕ್ಸ್‌ಪೈರ್ ಆಯ್ತು’ ಅಂತ ಒಬ್ರು ಬರೆದಿದ್ರೆ ಪೇಪರ್ ತಪ್ಪು ಅಂತ ಅಲ್ಲಿಗೇ ಬಿಡಬೇಡಿ. ಸಾಮಾನ್ಯ ಲೋಡಿಗೆ 200 ಕಿ.ಮೀ.ಗೆ ಒಂದು ದಿನ ಅಂತ ಬಿಲ್ ವ್ಯಾಲಿಡಿಟಿ, ಹಾಗಾಗಿ ಸುಮಾರು 350 ಕಿ.ಮೀ. ಇರೋ ಈ ರೂಟಿಗೆ ಎರಡು ದಿನ. 2024ರ ಜುಲೈನಲ್ಲಿ ಸಕಲೇಶಪುರದ ಹತ್ರ ಗುಡ್ಡ ಕುಸಿದು ಶಿರಾಡಿ ಬಂದ್ ಆದಾಗಿನ ಥರ ಲಾರಿ ಘಾಟಲ್ಲೇ ನಿಂತ್ರೆ ಆ ಎರಡು ದಿನ ಎಲ್ಲಿ ಸಾಕಾಗುತ್ತೆ? ಅವಧಿ ಮುಗಿಯೋ 8 ಗಂಟೆ ಮುಂಚೆಯಿಂದ ಮುಗಿದ 8 ಗಂಟೆವರೆಗೆ ಬಿಲ್ ವಿಸ್ತರಿಸೋಕೆ ಅವಕಾಶ ಇದೆ, ಆದ್ರೆ ರಾತ್ರಿ ಡ್ರೈವರ್ ಫೋನ್ ಮಾಡಿದಾಗ ಆಫೀಸಲ್ಲಿ ಎತ್ತೋರು ಬೇಕಲ್ಲ. ನೋಡಿ, ಒಂದು ಕಾಮೆಂಟಲ್ಲಿ ರಸ್ತೆ, ನಿಯಮ, ಆಫೀಸಿನ ಟೈಮಿಂಗ್ ಮೂರೂ ಸಿಕ್ಕಾಕೊಂಡಿವೆ.

ಗಲಾಟೆ ಜಾಸ್ತಿ ಇದ್ದಲ್ಲೇ ಸಮಸ್ಯೆ ದೊಡ್ಡದು ಅಂತ ತಿಳಿಬೇಡಿ. 2024ರ ಜನವರಿಯಲ್ಲಿ ಹಿಟ್ ಅಂಡ್ ರನ್ ಕಾನೂನಿನ ವಿರುದ್ಧ ಡ್ರೈವರ್‌ಗಳು ದೇಶದಲ್ಲಿ ಹಲವು ಕಡೆ ಲಾರಿ ನಿಲ್ಲಿಸಿದ್ರು, ಆ ಸಿಟ್ಟು ನ್ಯಾಯವಾದದ್ದೇ, ಎಲ್ಲರಿಗೂ ಕೇಳಿಸ್ತು. ಆದ್ರೆ ‘ಬೆಳಗ್ಗೆ ಬಂದ್ವಿ, ರಾತ್ರಿ ಆದ್ರೂ ಖಾಲಿ ಮಾಡಿಲ್ಲ’ ಅನ್ನೋ ಥರದ ಒಂದೊಂದು ಸಾಲಿನ ಕಾಮೆಂಟ್‌ಗೆ ಯಾರೂ ಲೈಕೂ ಕೊಡಲ್ಲ. ಅಂಥವು ಬೇರೆಬೇರೆ ತಿಂಗಳಲ್ಲಿ, ಬೇರೆಬೇರೆಯವರಿಂದ, ಒಂದೇ ಜಾಗದ ಬಗ್ಗೆ ಬರ್ತಿದ್ರೆ ಗುರುತು ಹಾಕಿ.

ಕಾಮೆಂಟೇ ಸಾಕ್ಷಿ ಅಲ್ಲ, ನಿಮ್ಮ ಗೇಟ್ ರಿಜಿಸ್ಟರ್, ಫಾಸ್ಟ್ಯಾಗ್ ಸ್ಟೇಟ್‌ಮೆಂಟಲ್ಲಿರೋ ಟೈಮ್ ಜೊತೆ ತಾಳೆ ನೋಡಿ. ದಯವಿಟ್ಟು ಗಾಡಿ ನಂಬರ್, ಹೆಸರು ಶೀಟಿಗೆ ಹಾಕಬೇಡಿ, ಕ್ಲೋಸ್ಡ್ ಗ್ರೂಪಿನ ಸ್ಕ್ರೀನ್‌ಶಾಟ್ ಯಾರಿಗೂ ಕಳಿಸಬೇಡಿ, ಒಂದು ಸಾಲು ಬರೆದಿದ್ದಕ್ಕೆ ಅವರ ಕೆಲಸ ಹೋಗಬಾರದು.

ತಾಳೆ ಆದ್ಮೇಲೆ ಕಾಯಿಸ್ತಿರೋದು ನಿಮ್ಮ ಗೋಡೌನೇ ಅಂತ ಗೊತ್ತಾದ್ರೆ ಹಮಾಲಿಗಳು ಯಾವ ಟೈಮಿಗೆ ಇರ್ತಾರೆ ಅಂತ ಡ್ರೈವರ್‌ಗೆ ಮುಂಚೆನೇ ಹೇಳಿ, ಅದು ತಪ್ಪಿದ್ರೆ ಹಾಲ್ಟಿಂಗ್ ಎಷ್ಟು ಕೊಡ್ತೀರಿ ಅಂತ ಲೋಡ್ ಆಗೋ ಮೊದ್ಲೇ ಬರೆದುಕೊಡಿ.